ಸೆವೆನ್ ಸಿ ಮೇಷ್ಟ್ರು

ಬೆಂಗಳೂರಿನ ಹೆಣ್ಣೂರು, ಕೊತ್ತನೂರು ಕಡೆಯ ಯಾವುದಾದರೂ ಬಿಬಿಎ ಕಾಲೇಜಿಗೆ ಹೊಕ್ಕು ನೋಡಿ. ಮೂರನೇ ಮಹಡಿಯ ಮೂಲೆ ಕೋಣೆಯಲ್ಲಿ, ಏಪ್ರಿಲ್ ಸೆಖೆಯಲ್ಲೂ ಟೈ ಬಿಚ್ಚದೆ, ಕ್ಲಿಕ್ಕರ್ ಹಿಡಿದು ನಿಂತಿರುವವರು ಸಿಕ್ಕೇ ಸಿಗುತ್ತಾರೆ. ಅವರೇ ಬಿಸಿನೆಸ್ ಕಮ್ಯುನಿಕೇಶನ್ ಮೇಷ್ಟ್ರು. ಎದುರು ಬೆಂಚುಗಳಲ್ಲಿ ನೈಜೀರಿಯಾ, ತಾಂಜಾನಿಯಾ, ರುವಾಂಡಾ, ಸುಡಾನ್, ಯೆಮೆನ್, ನೇಪಾಳ. ವಿಶ್ವಸಂಸ್ಥೆಯೇ ಪುಟ್ಟದಾಗಿ ಸೇರಿದಂತಿರುತ್ತದೆ; ಹಾಜರಿ ಎಂಬ ವೀಟೋ ಮಾತ್ರ ಮೇಷ್ಟ್ರ ಕೈಯಲ್ಲಿ.

ಮೇಷ್ಟ್ರು ಕನ್ನಡ ಮೀಡಿಯಂನವರು. ಐದನೇ ಕ್ಲಾಸಿನಲ್ಲಿ ಎಬಿಸಿಡಿ ಕಂಡವರು. ಇಂಗ್ಲಿಷಿನ ಮೇಲೆ ಅವರಿಗಿರುವ ಭಕ್ತಿ ಲಂಡನ್ನಿನವರಿಗೂ ಇರಲಾರದು. ಮೊದಲ ಕ್ಲಾಸಿನಲ್ಲೇ ಘೋಷಿಸುತ್ತಾರೆ: "ಮೈ ಡಿಯರ್ ಸ್ಟೂಡೆಂಟ್ಸ್, ನಿಮ್ಮ ದೊಡ್ಡ ಪ್ರಾಬ್ಲಂ ಯೆಮ್‌ಟಿಐ. ಮದರ್ ಟಂಗ್ ಇನ್‌ಫ್ಲುಯೆನ್ಸ್. ಫಸ್ಟು ಅದನ್ನು ಬಿಡಬೇಕು." ಮುಂದಿನ ಬೆಂಚಿನ ನೈಜೀರಿಯಾದ ಹುಡುಗ ವಿನಯದಿಂದ ತಲೆಯಾಡಿಸುತ್ತಾನೆ. ಅವನ ದೇಶದ ಆಡಳಿತ ಭಾಷೆಯೇ ಇಂಗ್ಲಿಷು. 1986ರಲ್ಲಿ ಸಾಹಿತ್ಯದ ನೊಬೆಲ್ ಪಡೆದ ವೋಲೆ ಸೋಯಿಂಕಾ ಅವನ ನಾಡಿನವರು. ಅವನಿಗೆ ಮೇಷ್ಟ್ರು ಒಂದು ವಾರ ಎ, ಆ್ಯನ್, ದಿ ಪಾಠ ಮಾಡುತ್ತಾರೆ. ಅವನೂ ಬರೆದುಕೊಳ್ಳುತ್ತಾನೆ. ಹಾಜರಿ ಮುಖ್ಯ, ವೀಸಾ ಅದರ ಮೇಲೆ ನಿಂತಿದೆ.

ಆಮೇಲೆ ಒಳ್ಳೆಯ ಸಂವಹನದ ಸೆವೆನ್ ಸಿ. ಕ್ಲಿಯರ್, ಕನ್‌ಸೈಸ್, ಕಾಂಕ್ರೀಟ್, ಕರೆಕ್ಟ್, ಕಂಪ್ಲೀಟ್, ಕನ್ಸಿಡರೇಟ್, ಕರ್ಟಿಯಸ್. ಇದರಲ್ಲಿ ಕನ್‌ಸೈಸ್, ಅಂದರೆ ಚುಟುಕಾಗಿ ಹೇಳುವುದು ಹೇಗೆ ಎಂಬುದನ್ನು ವಿವರಿಸಲು ಮೇಷ್ಟ್ರಿಗೆ ಎರಡು ಪೀರಿಯಡ್ಡು ಸಾಲುವುದಿಲ್ಲ.

ಆದರೆ ಅವರ ಬ್ರಹ್ಮಾಸ್ತ್ರ ಮೆಹ್ರೇಬಿಯನ್ ಸ್ಲೈಡು. ನಾವು ಹೇಳುವುದರಲ್ಲಿ ಪದಗಳ ಪಾಲು ಶೇಕಡಾ 7, ದನಿಯದು 38, ಮುಖಭಾವ-ಹಾವಭಾವದ್ದು 55! ದೇಶದ ಎಲ್ಲ ಸಾಫ್ಟ್ ಸ್ಕಿಲ್ಸ್ ತರಬೇತುದಾರರ ಹೊಟ್ಟೆಪಾಡು ಈ ಮೂರು ಅಂಕಿಗಳ ಮೇಲೆ ನಡೆದಿದೆ. ಅಸಲಿಗೆ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರೇಬಿಯನ್ 1967ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇಷ್ಟ-ಅನಿಷ್ಟದ ಭಾವನೆಗಳಿಗೆ ಸಂಬಂಧಿಸಿದವು. ಎಲ್ಲ ಮಾತಿಗೂ ಇದನ್ನು ಅಂಟಿಸಬೇಡಿ ಎಂದು ಆ ಪುಣ್ಯಾತ್ಮರೇ ಹೇಳಿದ್ದಾರೆ. ಆ ಮಾತಿನ ಸ್ಲೈಡು ಮಾತ್ರ ಮೇಷ್ಟ್ರ ಪೆನ್‌ಡ್ರೈವಿನಲ್ಲಿಲ್ಲ. ಒಮ್ಮೆ ಯೆಮೆನ್ ಹುಡುಗ ಎದ್ದು ಕೇಳಿದ: "ಸರ್, ಪದಗಳು ಏಳೇ ಪರ್ಸೆಂಟಾದರೆ ಮೂರು ಗಂಟೆ ಕೂತು ಪರೀಕ್ಷೆ ಬರೆಯುವುದೇಕೆ? ಬಂದು ಮುಖ ತೋರಿಸಿ ಹೋಗುತ್ತೇವೆ." ಮೇಷ್ಟ್ರು ಕ್ಲಿಕ್ಕರ್ ಒತ್ತಿದರು.

ಮುಂದಿನ ಸ್ಲೈಡು ಐ ಕಾಂಟ್ಯಾಕ್ಟು. ಕಣ್ಣಲ್ಲಿ ಕಣ್ಣಿಟ್ಟು ಮಾತಾಡಬೇಕಂತೆ. ನೈಜೀರಿಯಾದ ಹುಡುಗ ಯೊರುಬಾ ಜನಾಂಗದವನು. ಹಿರಿಯರ ಕಣ್ಣನ್ನು ದಿಟ್ಟಿಸುವುದು ಅವರಲ್ಲಿ ಉದ್ಧಟತನ. ಅವನು ನೆಲ ನೋಡುತ್ತಾನೆ, ಮೇಷ್ಟ್ರು "ಲುಕ್ ಅಟ್ ಮೀ" ಅನ್ನುತ್ತಾರೆ. ಅಷ್ಟರಲ್ಲಿ ಪ್ರಿನ್ಸಿಪಾಲರು ಬಾಗಿಲಲ್ಲಿ ಕಾಣಿಸಿಕೊಂಡರೆ ಮೇಷ್ಟ್ರೂ ನೆಲ ನೋಡುತ್ತಾರೆ.

ಬಾಕಿ ದುಡ್ಡು ಕೇಳುವ ಇಮೇಲಿನ ಪಾಠದಲ್ಲಿ ಮೊದಲ ಸಾಲಿಗೇ ವಿಷಯಕ್ಕೆ ಬರಬೇಕೆಂದು ಕಟ್ಟಪ್ಪಣೆ. ತಾಂಜಾನಿಯಾದ ಹುಡುಗಿಗೆ ಇದು ಅರ್ಥವೇ ಆಗುವುದಿಲ್ಲ. ಸ್ವಾಹಿಲಿ ಆಡುವವರು ಮನೆ, ಕೆಲಸ, ಆರೋಗ್ಯ ಎಲ್ಲ ವಿಚಾರಿಸಿಕೊಂಡೇ ಮಾತಿಗಿಳಿಯುವುದು. "ಸರ್, ಮನೆಯವರು ಹೇಗಿದ್ದಾರೆ ಅಂತಲೂ ಕೇಳದೆ ದುಡ್ಡು ಕೇಳುವುದು ಹೇಗೆ?" ಎಂದಳು. "ದಟ್ ಈಸ್ ಅನ್‌ಪ್ರೊಫೆಷನಲ್" ಎಂದು ಮೇಷ್ಟ್ರು ತೀರ್ಪು ಕೊಡುವಷ್ಟರಲ್ಲಿ ಅವರ ಫೋನೇ ಹೊಡೆದುಕೊಂಡಿತು. ಎತ್ತಿ, "ಹಾಂ ಭಾವ, ತಿಂಡಿ ಆಯ್ತಾ? ಊರ ಕಡೆ ಮಳೆ ಹೇಗೆ?" ಎಂದು ಕಾರಿಡಾರಿಗೆ ನಡೆದರು.

ಈ ಹುಡುಗಿಯ ಬಿಸಿನೆಸ್ ಕಮ್ಯುನಿಕೇಶನ್ ನೋಡಬೇಕಾದರೆ ಅವಳು ಮನೆ ಖಾಲಿ ಮಾಡಿದ ದಿನ ಇರಬೇಕಿತ್ತು. ಬೆಂಗಳೂರಿನ ಪದ್ಧತಿಯಂತೆ ಪೇಂಟಿಂಗಿಗೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳಲು ಓನರಮ್ಮ ಸಜ್ಜಾಗಿದ್ದರು. ಇವಳು ಜಗಳ ತೆಗೆಯಲಿಲ್ಲ. ಜಗುಲಿಯ ಮೇಲೆ ಕೂತು, "ಆಂಟಿ, ಮಂಡಿನೋವು ಹೇಗಿದೆ?" ಎಂದು ಶುರುವಿಟ್ಟವಳು ಮೊಮ್ಮಗನ ಶಾಲೆ, ಸೊಸೆಯ ಕೆಲಸ ಎಲ್ಲ ಮುಗಿಸಿ ಗೋಡೆಯ ಹತ್ತಿರ ಬರುವ ಹೊತ್ತಿಗೆ ಓನರಮ್ಮ ಕಾಫಿ ತಂದಿದ್ದರು. ಅಡ್ವಾನ್ಸು ಪೂರ್ತಿ ವಾಪಸು ಬಂತು. ನಲವತ್ತು ವರ್ಷದಿಂದ ಬೆಂಗಳೂರಲ್ಲಿರುವ ನಾವು ಯಾರಾದರೂ ಇದನ್ನು ಸಾಧಿಸಿದ್ದೇವೆಯೇ?

ಹಾಗಂತ ಮೇಷ್ಟ್ರನ್ನು ಕಡೆಗಣಿಸಬೇಡಿ. ವಿದೇಶದಿಂದ ಬಂದ ಹುಡುಗರು ಆರು ತಿಂಗಳು ಮೀರಿದ ವೀಸಾ ಇದ್ದರೆ ಬಂದಿಳಿದ ಹದಿನಾಲ್ಕು ದಿನದೊಳಗೆ ವಿದೇಶೀಯರ ನೋಂದಣಿ ಕಚೇರಿಯಾದ ಎಫ್‌ಆರ್‌ಆರ್‌ಒದಲ್ಲಿ ನೋಂದಾಯಿಸಬೇಕು. ಅದಕ್ಕೆ ಕಾಲೇಜಿನ ಬೋನಫೈಡ್ ಸರ್ಟಿಫಿಕೇಟು ಬೇಕು. ಆಫೀಸಿನ ಗುಮಾಸ್ತರು "ನಾಳೆ ಬಾ" ಎಂದಾಗ ಹುಡುಗರು ಓಡುವುದು ಇದೇ ಮೇಷ್ಟ್ರ ಹತ್ತಿರ. ಟೈ ಜೇಬಿಗೆ ತುರುಕಿ ಕೆಳಗಿಳಿಯುವ ಮೇಷ್ಟ್ರು ಸೆವೆನ್ ಸಿ ಎಲ್ಲ ಮರೆತು, "ಏನ್ ಸ್ವಾಮಿ, ಮಗಳ ಮದುವೆ ಎಲ್ಲೀವರೆಗೆ ಬಂತು? ಪಾಪ, ದೂರದ ಹುಡುಗ, ಒಂದು ಸೀಲ್ ಹಾಕಿಬಿಡಿ" ಎನ್ನುತ್ತಾರೆ. ಸೀಲು ಬೀಳುತ್ತದೆ. ಸೆಮಿಸ್ಟರಿನ ಕೊನೆಗೆ ಹುಡುಗರೆಲ್ಲ ಫೀಡ್‌ಬ್ಯಾಕ್ ಫಾರಂನಲ್ಲಿ ಐದಕ್ಕೆ ಐದು ಕೊಡುವುದು ಸ್ಲೈಡುಗಳಿಗಲ್ಲ.

ಮೂರು ತಿಂಗಳ ಸಂಬಳ ಬಾಕಿಯಿದೆಯೆಂದು ಮೇಷ್ಟ್ರು ಮ್ಯಾನೇಜ್‌ಮೆಂಟಿಗೆ ಇಂಗ್ಲಿಷಿನಲ್ಲಿ ಒಂದು ಇಮೇಲ್ ಬರೆದಿದ್ದಾರೆ. ಕ್ಲಿಯರಾಗಿದೆ, ಕನ್‌ಸೈಸಾಗಿದೆ, ಮೊದಲ ಸಾಲಿಗೇ ವಿಷಯಕ್ಕೆ ಬಂದಿದೆ. ಉತ್ತರ ಇನ್ನೂ ಬಂದಿಲ್ಲ.