ಆಯಿಲ್ ಕಾಕಾ

ಹಳೆಯ ಬೊಲೆರೊ ಒಂದನ್ನು ರಸ್ತೆ ಬದಿಗೆ ನಿಲ್ಲಿಸಿ ಬಾನೆಟ್ ಎತ್ತಿ ನೋಡಿ. ಊರು ಇಂಡಿಯಾಗಲಿ, ಸಿಂದಗಿಯಾಗಲಿ, ಕಡ್ಡಿ ಗೀರಿ ಬೀಡಿ ಹಚ್ಚುವಷ್ಟರಲ್ಲಿ ಆತ ಬಂದು ನಿಂತಿರುತ್ತಾನೆ. ಕರೆದವರು ಯಾರೂ ಇಲ್ಲ. ಬಿಳಿ ಅಂಗಿ, ಬಿಳಿ ಧೋತರ, ತಲೆಗೆ ಗಾಂಧಿ ಟೊಪ್ಪಿಗೆ, ಹೆಗಲಿಗೆ ಟವೆಲ್ಲು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಇಂಜಿನ್ನಿನೊಳಗೆ ಇಣುಕುತ್ತಾನೆ. ಒಂದು ಸಲ 'ಹುಂ' ಅನ್ನುತ್ತಾನೆ. ಆಮೇಲೆ ಕೇಳುತ್ತಾನೆ:

"ಎಣ್ಣಿ ಯಾವ್ದ ಹಾಕ್ಸೀರಿ?"

ನಿಮ್ಮ ಗಾಡಿಯ ಬ್ಯಾಟರಿ ಇಳಿದಿರಬಹುದು. ಇಲಿ ವೈರು ಕಡಿದಿರಬಹುದು. ಡೀಸೆಲ್ಲೇ ತೀರಿರಬಹುದು. ಆತನಿಗೆ ಅದೆಲ್ಲ ಲೆಕ್ಕಕ್ಕಿಲ್ಲ. ನೀವು ಯಾವ ಎಣ್ಣೆಯ ಹೆಸರು ಹೇಳಿದರೂ ಆತ ಮುಖ ಕಿವಿಚುತ್ತಾನೆ, ಅದೂ ಖಾತ್ರಿ. ಸರ್ವೋ ಅಂದರೆ ಕ್ಯಾಸ್ಟ್ರಾಲ್ ಹಾಕಬೇಕಿತ್ತು, ಕ್ಯಾಸ್ಟ್ರಾಲ್ ಅಂದರೆ ಸರ್ವೋ ಹಾಕಬೇಕಿತ್ತು. ಎರಡೂ ಹಾಕಿ ನೋಡಿದ್ದೇನೆ ಅಂದಿರೋ, "ಹಂಗ ಮ್ಯಾಲಿಂದ ಮ್ಯಾಲ ಎಣ್ಣಿ ಬದಲಿ ಮಾಡಿದ್ರ ಇಂಜಿನ್ ಕೆಡೂದs ಮತ್ತ" ಎಂದು ವ್ಯಾಜ್ಯವನ್ನು ಅಲ್ಲಿಗೇ ಮುಗಿಸುತ್ತಾನೆ.

ಈತನೇ ಆಯಿಲ್ ಕಾಕಾ. ಬೇರೆ ಹೆಸರೊಂದು ಇದೆ, ಅದು ಆಧಾರ್ ಕಾರ್ಡಿನವರಿಗೆ ಮಾತ್ರ ಗೊತ್ತು. ಪ್ರಾಯದಲ್ಲಿ ಕ್ರೂಸರ್ ಓಡಿಸಿದ್ದಾನೆ. ಲಗ್ನದ ಬೀಗರು, ಕಬ್ಬು ಕಡಿಯುವ ಗ್ಯಾಂಗು, ಘತ್ತರಗಿ ಭಾಗ್ಯವಂತಿಗೆ ಹರಕೆ ಹೊತ್ತವರು, ಎಲ್ಲರನ್ನೂ ಒಳಗೆ ತುಂಬಿ, ಉಳಿದವರನ್ನು ಹಿಂದಿನ ಏಣಿಗೆ ಜೋತುಬಿಡಿಸಿ ಗಾಣಗಾಪುರದ ತನಕ ಹೋಗಿಬಂದವನು. ಈಗ ಗಾಡಿ ಮಗನ ಕೈಗೆ ಹೋಗಿದೆ, ಮಾತು ಮಾತ್ರ ಕಾಕಾನಲ್ಲೇ ಉಳಿದಿದೆ. ಇಂಜಿನ್ನುಗಳ ಹುಟ್ಟು ಮೂಲವನ್ನು ಆತ ಹೇಳತೊಡಗಿದರೆ ಹೆಳವರು ಮನೆತನದ ವಂಶಾವಳಿ ಓದಿದ ಹಾಗೆ. ಕ್ರೂಸರಿನದು ಮರ್ಸಿಡಿಸ್ ಬೀಜ, ಜರ್ಮನಿಯದು. ಮೊದಲಿನ ಬೊಲೆರೊದ್ದು ಫ್ರಾನ್ಸಿನ ಪ್ಯೂಜೊ. ಕ್ವಾಲಿಸ್ ಟೊಯೊಟಾದವರದು, ಜಪಾನು. ಮಜಾ ಅಂದರೆ ಇದಿಷ್ಟೂ ಖರೆ! ಕ್ರೂಸರ್ ಸೇರಿದಂತೆ ಟ್ರ್ಯಾಕ್ಸ್ ಗಾಡಿಗಳ ಇಂಜಿನ್ ಮರ್ಸಿಡಿಸ್‌ನ ಓಎಂ 616 ಡೀಸೆಲ್‌ನಿಂದ ಬಂದದ್ದು. 2000ದಲ್ಲಿ ಬಂದ ಬೊಲೆರೊದಲ್ಲಿ ಪ್ಯೂಜೊ ಮೂಲದ 2.5 ಲೀಟರ್ ಇಂಜಿನ್ನೇ ಇತ್ತು. ವಂಶಾವಳಿಯ ತನಕ ಕಾಕಾ ತಪ್ಪುವುದಿಲ್ಲ. ತಪ್ಪುವುದು ಊಟಕ್ಕೆ ಬಡಿಸುವಾಗ.

ಕಾಕಾಗಳಲ್ಲಿ ಊರಿಗೊಂದು ತಳಿ. ಇಂಡಿಯವನು ತೂಕದ ಮನುಷ್ಯ. ಪಿಕಪ್ಪಿನಲ್ಲಿ ಲಿಂಬಿಕಾಯಿ ಚೀಲ ಎಷ್ಟು ಹೇರಿದಿರಿ, ಝಳಕಿ ಕ್ರಾಸ್ ಎಷ್ಟೊತ್ತಿಗೆ ದಾಟಿದಿರಿ ಎಂದು ಕೇಳಿ ಅದರ ಮೇಲೆ ಎಣ್ಣೆಯ ದಪ್ಪ ನಿಷ್ಕರ್ಷಿಸುತ್ತಾನೆ. 2023ರಲ್ಲಿ ಇಂಡಿ ಲಿಂಬೆಗೆ ಜಿಐ ಟ್ಯಾಗ್ ಸಿಕ್ಕ ಮೇಲೆ ಆತನ ದನಿಯೂ ಒಂದು ಮೆಟ್ಟಿಲು ಏರಿದೆ. ಸಿಂದಗಿಯವನು ಕಲಬುರಗಿ ಹೆದ್ದಾರಿಯ ಲಾರಿ ಡ್ರೈವರುಗಳ ಕೈಯಲ್ಲಿ ಕಲಿತವನು, ಲಾರಿಗೆ ಹಾಕಿದ್ದು ಆನೆಗೂ ನಡೆಯುತ್ತದೆ ಎಂಬ ಪಕ್ಷದವನು. ಮುದ್ದೇಬಿಹಾಳದವನು ಟ್ರ್ಯಾಕ್ಟರಿನಲ್ಲಿ ಉಳಿದ ಎಣ್ಣೆಯನ್ನು ಜೀಪಿಗೆ ಸುರಿದು ಎರಡನ್ನೂ ಸಂಭಾಳಿಸಿದವನು. ಬಸವನ ಬಾಗೇವಾಡಿಯವನ ಮಾತೇ ಬೇರೆ. ಅಲ್ಲಿಯ ಕಾಕಾನಿಗೆ ನಡುವೆ ಒಂದು ವಚನ ಸೇರಿಸದೆ ಮಾತು ಮುಂದೆ ಹೋಗುವುದಿಲ್ಲ. ಆಯಿಲ್ ಫಿಲ್ಟರ್ ಬಿಚ್ಚುವಾಗಲೂ ಅಂತರಂಗ ಶುದ್ಧಿಯ ಪ್ರಸ್ತಾಪ ಬರುತ್ತದೆ. ಆ ಊರಿನಲ್ಲಿ ಹುಟ್ಟಿದ ಮೇಲೆ ಅಷ್ಟೂ ಮಾಡದಿದ್ದರೆ ಹೇಗೆ, ಬಿಡಿ.

ನಾಲ್ಕೂ ಊರಿನ ಕಾಕಾಗಳನ್ನು ಒಂದುಗೂಡಿಸುವುದು ಬೆರಳ ಪರೀಕ್ಷೆ. ಅದನ್ನು ಹತ್ತಿರ ನಿಂತು ನೋಡಬೇಕು. ಗೇಜ್ ಕಡ್ಡಿಯನ್ನು ಎಳೆಯುತ್ತಾನೆ. ಇಂಜಿನ್ ಆಗಷ್ಟೇ ಬಂದ್ ಆಗಿದೆ, ಎಣ್ಣೆಯಿನ್ನೂ ಚೇಂಬರಿಗೆ ಇಳಿದಿಲ್ಲ. ಗಾಡಿಯ ಒಂದು ಗಾಲಿ ಕಲ್ಲಿನ ಮೇಲಿದೆ. ಆದರೂ ಎಳೆಯುತ್ತಾನೆ. ಕಡ್ಡಿಯ ತುದಿಯ ಹನಿಯನ್ನು ಹೆಬ್ಬೆರಳಿಗೆ ಇಳಿಸಿ, ತೋರುಬೆರಳಿನಿಂದ ಮುಚ್ಚಿ, ಸಾವಕಾಶ ತಿಕ್ಕುತ್ತಾನೆ. ಬೆರಳು ಬಿಡಿಸಿದಾಗ ನಡುವೆ ಸಣ್ಣ ಎಳೆಯೊಂದು ಎದ್ದು ಕಡಿಯುತ್ತದೆ. ಮೂಗಿನ ಹತ್ತಿರ ಒಯ್ಯುತ್ತಾನೆ. ಬಿಸಿಲಿಗೆ ಹಿಡಿಯುತ್ತಾನೆ. ಕಡೆಗೆ ಬೆರಳನ್ನು ನಿಮ್ಮ ಕಣ್ಣ ಮುಂದೆ ತಂದು ತೀರ್ಪು ಕೊಡುತ್ತಾನೆ:

"ಕರ್ರಗಾಗೈತಿ. ಸತ್ತೈತಿ."

ಡೀಸೆಲ್ ಇಂಜಿನ್ನಿಗೆ ಹೊಸ ಎಣ್ಣೆ ಹಾಕಿ ತಾಳಿಕೋಟಿಗೆ ಹೋಗಿಬಂದರೂ ಅದು ಕರ್ರಗಾಗಿರುತ್ತದೆ. ಒಳಗಿನ ಮಸಿಯನ್ನು ಗೋಡೆಗೆ ಅಂಟಗೊಡದೆ ತಾನು ಹೊತ್ತುಕೊಳ್ಳುವುದೇ ಅದರ ಕೆಲಸ. ಕಪ್ಪಾದ ಎಣ್ಣೆ ದುಡಿಯುತ್ತಿರುವ ಎಣ್ಣೆ. ಬಾಳಿಕೆ ಮುಗಿಯಿತೋ ಇಲ್ಲವೋ ಎಂಬುದು ಓಡಿದ ಕಿಲೋಮೀಟರಿನಿಂದ, ಕಳೆದ ತಿಂಗಳುಗಳಿಂದ ತಿಳಿಯಬೇಕೇ ಹೊರತು ಬಣ್ಣದಿಂದ ತಿಳಿಯುವುದಿಲ್ಲ. ಇದೇ ಕಾಕಾನ ಅಜ್ಜ ಚಕ್ಕಡಿಯ ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದವನು. ಔಡಲೆಣ್ಣೆಗೆ ಹುಲ್ಲು ಸುಟ್ಟ ಕರಿ ಕಲಸಿ, ಬಿದಿರಿನ ಗೊಟ್ಟದಲ್ಲಿ ತುಂಬಿ, ಚಕ್ಕಡಿಗೆ ತೂಗುಬಿಟ್ಟಿರುತ್ತಿದ್ದ. ಅಜ್ಜನಿಗೆ ಎಣ್ಣೆ ಕಪ್ಪಾದಷ್ಟೂ ಒಳ್ಳೆಯದು, ಮೊಮ್ಮಗನಿಗೆ ಕಪ್ಪು ಕಂಡರೆ ಸೂತಕ. ಅಂದಹಾಗೆ, ಮೊದಲನೆಯ ಮಹಾಯುದ್ಧದ ಎಷ್ಟೋ ವಿಮಾನಗಳ ಇಂಜಿನ್ನಿಗೂ ಔಡಲೆಣ್ಣೆಯನ್ನೇ ಹಾಕುತ್ತಿದ್ದರು. ಕಾಕಾನಿಗೆ ಈ ಸಂಗತಿ ಇನ್ನೂ ಗೊತ್ತಾಗಿಲ್ಲ. ಯಾರೂ ಹೇಳಬೇಡಿ.

ಕಾಕಾನ ಸಿದ್ಧಾಂತ ಒಂದೇ ಸಾಲಿನದು: ವಯಸ್ಸಾದ ಇಂಜಿನ್ನಿಗೆ ದಪ್ಪ ಎಣ್ಣೆ. ಈಚೆಗೆ ಸಿಂದಗಿಯ ಒಂದು ಗ್ಯಾರೇಜಿನಲ್ಲಿ ಇದಕ್ಕೊಂದು ಅಗ್ನಿಪರೀಕ್ಷೆ ನಡೆಯಿತು. ಕನ್ನಡ ಶಾಲೆಯ ಮಾಸ್ತರರೊಬ್ಬರು 2008ರ ಬೊಲೆರೊವನ್ನು ಸೆಕೆಂಡ್ ಹ್ಯಾಂಡ್ ಕೊಂಡಿದ್ದರು. ಗಾಡಿಯ ಜತೆ ಬಂದ ಪುಸ್ತಕವನ್ನೂ ತಂದಿದ್ದರು, ಅದಕ್ಕೆ ಖಾಕಿ ರಟ್ಟನ್ನೂ ಹಾಕಿದ್ದರು.

"ಬುಕ್ಕಿನ್ಯಾಗ 15ಡಬ್ಲ್ಯೂ-40 ಅಂತ ಐತ್ರಿ ಕಾಕಾ."

"ಬುಕ್ ಬರ್ದಾಂವ ಸಿಂದಗಿ ರೋಡ್ ನೋಡ್ಯಾನೇನ್ರಿ ಮಾಸ್ತರ?"

"ಇಲ್ಲೇನೋ..."

"ಮತ್ತ? 20-50 ಹಾಕ್ಸ್ರಿ. ಮುದುಕ ಇಂಜಿನ್ ಅದು. ವಯಸ್ಸಾದವ್ರಿಗೆ ತೆಳ್ಳನ ಅಂಬಲಿ ಕುಡಿಸಿದ್ರ ಕಾಲ ನಿಂದ್ರತಾವೇನು?"

"ವಯಸ್ಸಾದವ್ರಿಗೆ ತೆಳ್ಳನ ಅಂಬಲಿನೇ ಕೊಡ್ತಾರಲ್ರಿ."

ಗ್ಯಾರೇಜಿನಲ್ಲಿ ಪಾನಾ ತಿರುವುತ್ತಿದ್ದ ಹುಡುಗ ಕೈ ನಿಲ್ಲಿಸಿದ. ಕಾಕಾ ಟವೆಲ್ಲನ್ನು ಈ ಹೆಗಲಿನಿಂದ ಆ ಹೆಗಲಿಗೆ ಬದಲಿಸಿದ.

"ಅದು ಹಲ್ಲಿಲ್ಲದವ್ರಿಗೆ. ಇಂಜಿನ್ನಿನೊಳಗ ಗೇರ್ ಅದಾವು. ಗೇರಿಗೆ ಹಲ್ಲ ಅದಾವು."

ಇದಕ್ಕೆ ಮಾಸ್ತರರಲ್ಲಿ ಉತ್ತರವಿರಲಿಲ್ಲ. ಯಾರಲ್ಲಿ ಇರುತ್ತದೆ?

ಪಾಪ, ಅವರು ಕೇಳಬೇಕಾಗಿದ್ದ ಪ್ರಶ್ನೆ ಬೇರೆ ಇತ್ತು. ಆ ಡಬ್ಲ್ಯೂ ಅಂದರೆ ಚಳಿಗಾಲ. 15ಡಬ್ಲ್ಯೂ ಎಣ್ಣೆ ಚಳಿಗೆ ಎಷ್ಟು ಗಟ್ಟಿಯಾಗುತ್ತದೆಂದು ನೋಡುವುದು ಸೊನ್ನೆಗಿಂತ 20 ಡಿಗ್ರಿ ಕೆಳಗೆ. ಭೀಮಾತೀರದ ಜನ ಸಂಕ್ರಾಂತಿ ಚಳಿಗೆ ಎರಡು ಕಂಬಳಿ ಹೊದ್ದರೂ ಅಲ್ಲಿಯ ತನಕ ಇಳಿಯುವ ಚಳಿ ನಮ್ಮಲ್ಲಿಲ್ಲ. ಮುಂದಿನ 40 ಎಂಬ ಅಂಕಿಗೆ ಅಳತೆ ಮಾಡುವುದು 100 ಡಿಗ್ರಿ ಕಾವಿನಲ್ಲಿ. ಹೊರಗೆ ಮೇ ತಿಂಗಳ 42 ಡಿಗ್ರಿ ಬಿಸಿಲಿದ್ದರೂ ಒಳಗಿನ ಕಾವು ಇಂಡಿಯಲ್ಲೂ ಮಾಸ್ಕೋದಲ್ಲೂ ಹೆಚ್ಚು ಕಡಿಮೆ ಒಂದೇ ಇರುವಂತೆ ಕಾಯಲು ಥರ್ಮೋಸ್ಟಾಟ್ ಎಂಬುದೊಂದಿದೆ. ನಮ್ಮ ಕಡೆಯ ಬಹಳಷ್ಟು ಹಳೆ ಗಾಡಿಗಳಲ್ಲಿ ಅದನ್ನು ಬಿಚ್ಚಿ ಒಗೆದಿರುತ್ತಾರೆ. ಬಿಚ್ಚಲು ಹೇಳಿದವರು ಯಾರು ಎಂದು ಬೇರೆ ಕೇಳಬೇಕೆ? ಇನ್ನು ಇಂಜಿನ್ ಹೆಚ್ಚು ಸವೆಯುವುದು ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ. ದಪ್ಪ ಎಣ್ಣೆ ಮೇಲಕ್ಕೆ ಏರಲು ತಡ ಮಾಡುತ್ತದೆ.

ಹಾಗೆಂದು ಕಾಕಾನ ಮಾತು ಪೂರಾ ಸುಳ್ಳಲ್ಲ. ಸವೆದು ಸಡಿಲಾದ ಇಂಜಿನ್ನು, ಕಾವೇರಿದಾಗ ಆಯಿಲ್ ಲೈಟು ಮಿಣುಕುತ್ತದೆ ಅಂದರೆ 20ಡಬ್ಲ್ಯೂ-50 ಹಾಕಿ ಒಂದಷ್ಟು ದಿನ ದೂಡಬಹುದು. ಕಡಕಡ ಸದ್ದು ತಗ್ಗುತ್ತದೆ. ಆದರೆ ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತಿದ್ದರೆ ಹೋಗಿರುವುದು ರಿಂಗು ಅಥವಾ ವಾಲ್ವಿನ ಸೀಲು. ಅದಕ್ಕೆ ಮದ್ದು ಬಿಚ್ಚಾಣಿಕೆಯೇ. ಮಾಸ್ತರರ ಗಾಡಿಯಲ್ಲಿ ನೀಲಿ ಹೊಗೆಯೂ ಇರಲಿಲ್ಲ, ಮಿಣುಕುವ ಲೈಟೂ ಇರಲಿಲ್ಲ. ಇದ್ದದ್ದು ಎರಿ ಮಣ್ಣಿನ ಧೂಳು ಗಟ್ಟಿಕಟ್ಟಿದ ಏರ್ ಫಿಲ್ಟರ್. ಅದರ ಕಡೆ ಕಾಕಾ ಕಣ್ಣೆತ್ತಿಯೂ ನೋಡಲಿಲ್ಲ. ಧೂಳಿನ ಬಗ್ಗೆ ಭಾಷಣ ಮಾಡಿ ಯಾರು ದೊಡ್ಡವರಾಗಿದ್ದಾರೆ?

ಮನೆಯಲ್ಲೂ ಕಾಕಾನ ದರಬಾರು ಮೊದಲಿನಂತೆ ನಡೆಯುತ್ತಿಲ್ಲ. ಅಳಿಯ ಬಿಎಸ್-6 ಗಾಡಿ ತಂದಿದ್ದಾನೆ. 2020ರ ಏಪ್ರಿಲ್ ನಂತರದ ಇಂಥ ಡೀಸೆಲ್ ಗಾಡಿಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಜಾಲರಿ ಇರುತ್ತದೆ. ಬೂದಿ ಕಡಿಮೆ ಬಿಡುವ ಎಣ್ಣೆಯನ್ನೇ ಅದಕ್ಕೆ ಹಾಕಬೇಕು, ಹಳೆಯ ಎಣ್ಣೆ ಹಾಕುತ್ತ ಹೋದರೆ ದಿನ ಕಳೆದಂತೆ ಜಾಲರಿ ಕಟ್ಟಿಕೊಳ್ಳುತ್ತದೆ. ಅಳಿಯ ಇದನ್ನು ಎರಡು ಹಬ್ಬಗಳಲ್ಲಿ ವಿವರಿಸಿದ. ಕಾಕಾ ಎರಡು ಹಬ್ಬಗಳಲ್ಲೂ "ಒಂದ ಲೀಟರ್ ನಮ್ದ ಹಾಕಿ ನೋಡೂಣು" ಅಂದ. ಮೂರನೆಯ ಹಬ್ಬದಿಂದ ಅಳಿಯ ಗಾಡಿಯ ಕೀಲಿಯನ್ನು ಪ್ಯಾಂಟಿನ ಕಿಸೆಯಲ್ಲಿಟ್ಟುಕೊಂಡೇ ಹೋಳಿಗೆ ಊಟಕ್ಕೆ ಕೂಡುತ್ತಾನೆ.

ಇತ್ತ ಗ್ಯಾರೇಜಿನಲ್ಲಿ ಮಿಸ್ತ್ರಿ ಇಷ್ಟು ಹೊತ್ತೂ ಬಾಯಿ ಬಿಟ್ಟಿರಲಿಲ್ಲ. ಒಳ್ಳೆಯ ಮಿಸ್ತ್ರಿಗಳು ಬಾಯಿ ಬಿಡುವುದಿಲ್ಲ, ಬಾಯಿ ಬಿಟ್ಟರೆ ಬಾಡಿಗೆ ಹುಟ್ಟುವುದಿಲ್ಲ. ಗಾಡಿಯನ್ನು ಸಮ ನೆಲಕ್ಕೆ ತಳ್ಳಿಸಿದ. ಒಂದು ಚಹಾ ಕುಡಿದ. ಆಮೇಲೆ ಕಡ್ಡಿ ಎಳೆದು, ಹಳೆ ಅರಿವಿಯಿಂದ ಒರೆಸಿ, ಮತ್ತೆ ಇಳಿಸಿ, ಮತ್ತೆ ಎಳೆದು ಕಾಕಾನ ಮುಂದೆ ಹಿಡಿದ. ಕೆಳಗಿನ ಗೆರೆಯ ತನಕವೂ ಎಣ್ಣೆ ಇರಲಿಲ್ಲ.

"ಯಾವ ಎಣ್ಣಿ ಅನ್ನೂದು ಆಮ್ಯಾಲ, ಕಾಕಾ. ಮೊದಲ ಎಣ್ಣಿ ಇರಬೇಕಲ್ರಿ."

"ಅದನ್ನs ನಾ ಹೇಳಾಕತ್ತಿದ್ದು" ಎಂದ ಕಾಕಾ, ಒಂದು ಕ್ಷಣವೂ ತಡೆಯದೆ. "ದಪ್ಪಂದು ಹಾಕು."

"ಹೂಂ ಕಾಕಾ."

ಮಿಸ್ತ್ರಿ ಚೇಂಬರಿನ ನಟ್ಟು ಬಿಚ್ಚಿ ಹಳೆಯದನ್ನು ಬುಟ್ಟಿಗೆ ಇಳಿಸಿದ. ಫಿಲ್ಟರ್ ಬದಲಿಸಿದ, ಎರಡನ್ನೂ. ಲಾಳಿಕೆ ಇಟ್ಟು ಸೀಲ್ ಒಡೆದ ಹೊಸ ಡಬ್ಬಿಯಿಂದ ಎಣ್ಣೆ ಸುರಿದ. ಗಾಡಿ ಸ್ಟಾರ್ಟ್ ಆಯಿತು. ಕಾಕಾ ಕಣ್ಣು ಮುಚ್ಚಿ, ಕಿವಿಯನ್ನು ಇಂಜಿನ್ನಿನ ಕಡೆ ಹೊರಳಿಸಿ ನಿಂತ.

"ಈಗ ಕೇಳ್ರಿ ಮಾಸ್ತರ ಸೌಂಡು. ದಪ್ಪ ಎಣ್ಣಿಯ ಗತ್ತs ಬ್ಯಾರೆ."

ಮಾಸ್ತರರು ಬಗ್ಗಿ ಡಬ್ಬಿಯನ್ನು ಎತ್ತಿ ಓದಿದರು. ಶಾಲೆಯಲ್ಲಿ ಹಾಜರಿ ಕರೆಯುವ ಅದೇ ದನಿ: "15ಡಬ್ಲ್ಯೂ-40. ಎಪಿಐ ಸಿಐ-4 ಪ್ಲಸ್." ಸಿ ಅಂದರೆ ಡೀಸೆಲ್ಲಿನ ಪಂಗಡ, ಪೆಟ್ರೋಲಿನದು ಎಸ್, ಸಿಐ-4 ಎಂಬುದು 2002ರಲ್ಲಿ ಬಂದ ದರ್ಜೆ, ಆ ಕಾಲದ ಬೊಲೆರೊಗೆ ಧಾರಾಳ ಸಾಕು. ಮಿಸ್ತ್ರಿ ಕೈ ತೊಳೆಯಲು ಸೋಪು ಹುಡುಕುವ ನೆವದಲ್ಲಿ ಒಳಗೆ ಹೋದ.

ಕಾಕಾ ಡಬ್ಬಿಯನ್ನು ಇಸಕೊಂಡ. ಚಷ್ಮಾ ಏರಿಸಿದ. ಮುಂದೆ ನೋಡಿದ, ಹಿಂದೆ ನೋಡಿದ, ಬೆಲೆಯನ್ನೂ ನೋಡಿದ.

"ನಾ ಮೊದ್ಲs ಹೇಳಿದ್ನಿಲ್ರಿ ಮಾಸ್ತರ," ಅಂದ, "ಬುಕ್ ನೋಡಿ ಹಾಕ್ಸ್ರಿ ಅಂತ."

ಅಷ್ಟರಲ್ಲಿ ಮಿಸ್ತ್ರಿ ಹೊರಬಂದು ಡಬ್ಬಿಯನ್ನು ಕಸಿದುಕೊಂಡು ಸ್ಕ್ರೂಡ್ರೈವರಿನಿಂದ ಅದಕ್ಕೊಂದು ತೂತು ಹೊಡೆದ. ಖಾಲಿ ಡಬ್ಬಿ ಗುಜರಿಗೆ ಹೋಗಿ, ಸುಟ್ಟ ಎಣ್ಣೆ ತುಂಬಿಕೊಂಡು, ಹೊಸ ಸೀಲು ಹಾಕಿಕೊಂಡು ವಾಪಸ್ಸು ಬರದಿರಲಿ ಎಂದು ತಿಳಿದವರು ಮಾಡುವ ಕೆಲಸ ಅದು.

"ಏ, ಛಲೋ ಡಬ್ಬಿ ಹಾಳ ಮಾಡಿದಿ ನೋಡ!" ಕಾಕಾನ ಮುಖ ಅವತ್ತು ಮೊದಲ ಸಲ ಬಾಡಿತು. ಡಬ್ಬಿಯನ್ನು ಎತ್ತಿ ಬಿಸಿಲಿಗೆ ಹಿಡಿದು ತೂತನ್ನು ಪರೀಕ್ಷಿಸಿದ. "ಇರಲಿ. ತೂತ ಮ್ಯಾಲೈತಿ. ಕೆಳಗ ಎರಡ ಲೀಟರ್ ಹಿಡೀತೈತಿ" ಎಂದು ಬಗಲಲ್ಲಿ ಇಟ್ಟುಕೊಂಡು, ಎದುರಿನ ಹೋಟೆಲ್ ಮುಂದೆ ಯಾರೋ ಬಾನೆಟ್ ಎತ್ತಿದ್ದು ಕಂಡು ರಸ್ತೆ ದಾಟಿದ.