ಕಾರ್ಡು ಬಂತು, ಡಾಕ್ಟರು ಯಾವಾಗ ಬರುತ್ತಾರೆ?

ರಾಜ್ಯದ ಆರೋಗ್ಯ ಸಚಿವರಿಗೆ,

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಜನರ ಪರವಾಗಿ ಈ ಪತ್ರ. ಉಚಿತ ಚಿಕಿತ್ಸೆಯ ಯೋಜನೆಗಳನ್ನು ಹಳಿಯಲು ಬರೆಯುತ್ತಿಲ್ಲ. ಅವು ಜೀವ ಉಳಿಸುತ್ತವೆ ಎಂಬುದಕ್ಕೆ ನಮ್ಮ ಗಡಿಯೇ ಸಾಕ್ಷಿ.

2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆ ಮೊದಲು ಬಂದದ್ದು ಉತ್ತರ ಕರ್ನಾಟಕಕ್ಕೆ. ಆ ಭಾಗದ ಕೂಡ್ಲಿಗಿಯ ಬಡವರಿಗೆ ಹೃದಯದ ಆಪರೇಷನ್ ಖರ್ಚಿಲ್ಲದೆ ಆಗುತ್ತಿತ್ತು. ಪಕ್ಕದ ಜಗಳೂರು ಬೆಂಗಳೂರು ವಿಭಾಗದಲ್ಲಿತ್ತು, ಅಷ್ಟಕ್ಕೇ ಹೊರಗುಳಿಯಿತು. ಈ ಉತ್ತರ-ದಕ್ಷಿಣ ಗೆರೆಯ ಎರಡೂ ಬದಿಯ 572 ಹಳ್ಳಿಗಳನ್ನು ಹೋಲಿಸಿದ ಅಧ್ಯಯನ 2014ರಲ್ಲಿ ಬಿಎಂಜೆ ಪತ್ರಿಕೆಯಲ್ಲಿ ಬಂತು. ಯೋಜನೆಗೆ ಒಳಪಟ್ಟ ಕಾಯಿಲೆಗಳಿಂದ ಬಿಪಿಎಲ್ ಕುಟುಂಬಗಳಲ್ಲಿ ಆದ ಸಾವು ಆಚೆ ಬದಿ ಶೇ 0.32, ಈಚೆ ಬದಿ ಶೇ 0.90. ಓದಿದಾಗ ಕರುಳು ಕಿವುಚಿದಂತಾಯಿತು.

ಆಗ ಯೋಜನೆ ಜನರನ್ನು ಹುಡುಕಿಕೊಂಡು ಹೋಗಿತ್ತು. ಹಳ್ಳಿಗಳ ಕಡೆ ಶಿಬಿರ ನಡೆಸಿ, ಎದೆನೋವನ್ನು ಗ್ಯಾಸ್ಟ್ರಿಕ್ ಅಂದುಕೊಂಡು ಸುಮ್ಮನಿದ್ದಂಥವರನ್ನು ಪತ್ತೆ ಹಚ್ಚುತ್ತಿದ್ದರು. ಆಸ್ಪತ್ರೆಯಲ್ಲಿ ದಾರಿ ತೋರಿಸಲು ಆರೋಗ್ಯಮಿತ್ರರಿದ್ದರು.

2018ರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಇದೆ. ಇದರ ಕಾರ್ಡಿನ ಮೇಲೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಚಿತ ಚಿಕಿತ್ಸೆ. ತುರ್ತಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆಗದಿದ್ದರೆ ರೆಫರಲ್ ಲೆಟರ್ ಪಡೆಯಬೇಕು. ನಿಯಮ ಸರಿಯೇ. ಆದರೆ ಚನ್ನಗಿರಿ ಸೀಮೆಯಲ್ಲಿ ಅಡಿಕೆ ಸುಲಿಯುವ ಕೂಲಿಯ ತಾಯಿಯೊಬ್ಬರ ಜಾಗದಲ್ಲಿ ನಿಂತು ನೋಡಿ. ರೇಷನ್ ಕಾರ್ಡು, ಆಧಾರ್ ಜೆರಾಕ್ಸ್ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಆಸ್ಪತ್ರೆಗೆ ಬಂದರೆ, ತಜ್ಞ ವೈದ್ಯರಿಲ್ಲದ ದಿನ ‘ನಾಳೆ ಬಾರಮ್ಮ’. ಲೆಟರ್ ಸಿಕ್ಕರೆ ದಾವಣಗೆರೆಗೋ ಶಿವಮೊಗ್ಗಕ್ಕೋ ಬಸ್ಸು. ಜೊತೆಗೆ ಬಂದ ಮಗನ ಕೂಲಿಯೂ ಹೋಯಿತು. ಬಸ್ ಚಾರ್ಜು, ಹೋಟೆಲ್ ಊಟ, ಹೊರಗಡೆ ಬರೆದುಕೊಟ್ಟ ಸ್ಕ್ಯಾನಿಂಗು; ಅಡ್ಮಿಟ್ ಆಗುವ ಮುಂಚೆಯೇ ಕೈಸಾಲ. ತಿಂಗಳು ತಿಂಗಳು ನುಂಗುವ ಬಿಪಿ, ಶುಗರ್ ಮಾತ್ರೆಗೆ ಯೋಜನೆಯ ಕಾರ್ಡು ನಡೆಯುವುದೂ ಇಲ್ಲ. ‘ದೇವರಿಟ್ಟಂಗೆ ಆಗ್ಲಿ’ ಎಂದು ಅರ್ಧದಾರಿಯಿಂದ ಮನೆಗೆ ಮರಳಿದವರು ನಿಮ್ಮ ಕಂಪ್ಯೂಟರಿನಲ್ಲಿ ಕಾಣುವುದಿಲ್ಲ. ಅವರ ಹೆಸರಲ್ಲಿ ಬಿಲ್ಲೇ ಇರುವುದಿಲ್ಲವಲ್ಲ.

ಹೃದಯಾಘಾತಕ್ಕೆ ದುಬಾರಿ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ತಾಲ್ಲೂಕು ಮಟ್ಟದಲ್ಲೇ ಪುಕ್ಕಟೆ ಕೊಡುವ ‘ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ತಂದಿರಿ. ಅದು ಸರಿಯಾದ ದಾರಿ. ಅದು ನಮ್ಮ ನಾಲ್ಕೂ ತಾಲ್ಲೂಕಿನಲ್ಲಿ ಹಗಲು ರಾತ್ರಿ ಸಿಗಲಿ. ಫಿಜಿಷಿಯನ್, ಅರಿವಳಿಕೆ ತಜ್ಞರ ಹುದ್ದೆ ಒಂದು ದಿನವೂ ಖಾಲಿ ಬೀಳದಿರಲಿ. ಹಳ್ಳಿಗೆ ಶಿಬಿರ ಬರಲಿ.

ಇನ್ನೊಂದು ಕೋರಿಕೆ. ಹಂಚಿದ ಕಾರ್ಡುಗಳ ಲೆಕ್ಕದ ಜೊತೆಗೆ, ಲೆಟರ್ ಪಡೆದವರಲ್ಲಿ ಎಷ್ಟು ಮಂದಿಗೆ ನಿಜವಾಗಿ ಚಿಕಿತ್ಸೆ ಸಿಕ್ಕಿತು ಎಂಬುದನ್ನೂ ತಿಂಗಳಿಗೊಮ್ಮೆ ತಾಲ್ಲೂಕು ಆಸ್ಪತ್ರೆಯ ಬೋರ್ಡಿನ ಮೇಲೆ ಬರೆಸಿ. ಸಿಗದವರ ಮನೆಗೆ ಆಶಾ ಕಾರ್ಯಕರ್ತೆಯನ್ನು ಕಳಿಸಿ, ಯಾಕೆ ಸಿಗಲಿಲ್ಲವೆಂದು ಕೇಳಿಸಿ.

ಇಂತಿ,
ದಾವಣಗೆರೆ ಜಿಲ್ಲೆಯ ಒಬ್ಬ ನಾಗರಿಕ