ಕಣ್ಮುಚ್ಚಿ, ಗೌಡ್ರೇ!

ಸಕಲೇಶಪುರದ ಲಾಡ್ಜು. ಬೀಡಿ ಬಿಡಿಸಿ ಹೊಟ್ಟೆ ಇಳಿಸಲು ಕೂತ ಸಮ್ಮೋಹನಕಾರರು, ಎದುರಿಗೆ ಗೌಡರು. ಹೊರಗೆ ಜಡಿಮಳೆ. ಗೌಡರ ಕಿವಿಯ ಮೇಲೆ ಅರ್ಧ ಸೇದಿ ನಂದಿಸಿದ ಬೀಡಿ.

"ಕಣ್ಮುಚ್ಚಿ. ಮಂಜರಾಬಾದ್ ಕೋಟೆ ಮೆಟ್ಟಿಲು ಇಳೀತಿದ್ದೀರಿ..."

"ಹತ್ತೋಕೇ ದಮ್ಮಿಲ್ಲ ಸ್ವಾಮಿ, ಇಳಿಯೋದೆಲ್ಲಿಂದ?"

"1845ರಲ್ಲೇ ಹೂಗ್ಲಿಯಲ್ಲಿ ಡಾಕ್ಟರ್ ಎಸ್ಡೇಲ್ ಹೀಗೇ ಮಂಪರು ಹತ್ತಿಸಿ ಆಪರೇಷನ್ ಮಾಡಿದ್ರು!"

"ಹಂಗಾದ್ರೆ ಹೊಟ್ಟೇನೇ ಕೊಯ್ದುಬಿಡಿ, ಬೇಗ ಇಳಿಯತ್ತೆ."

"ಬೀಡಿ ಅಂದ್ರೆ ಸಗಣಿ ವಾಸನೆ..."

"ತೋಟದವನಿಗೆ ಸಗಣಿ ಅಂದ್ರೆ ದುಡ್ಡು!"

"ಕಡುಬು ಕಲ್ಲು. ಹಂದಿಸಾರು ಕೆಸರು..."

ಗೊರಕೆ. (ಸಮ್ಮೋಹನ ಅಂದರೆ ನಿದ್ದೆಯಲ್ಲ, ಒಂದೇ ಕಡೆ ನೆಟ್ಟ ಗಮನ. ಮಳೆಗಾಲದ ಮಲೆನಾಡಿಗೆ ಇದನ್ನು ಯಾರೂ ತಿಳಿಸಿಲ್ಲ.)

"ಈಗೇನು ಕಾಣ್ತಿದೆ?"

"ಕಡುಬು... ಹನ್ನೆರಡು."

ಫೀಸು ಎರಡು ಸಾವಿರ. ಆಲೂರು ಬಸ್ಸಿಗೆ ಹೊರಟ ಗೌಡರು ತಿರುಗಿ ಕೇಳಿದರು: "ಬೆಂಕಿಪೊಟ್ಟಣ ಇದ್ಯಾ?"

ಸಮ್ಮೋಹನಕಾರರ ಜೇಬಿನಲ್ಲೇ ಇತ್ತು.